ಎರಡು ತೂಬಿನ ಕೆರೆ

“ಗುರುಗಳೇ, ನಮ್ಮ ಹೊಸ ಯಂತ್ರಬುದ್ಧಿಯನ್ನು ಪರೀಕ್ಷಿಸಿ ನೋಡಲು ಇನ್ನೊಂದು ವರ್ಷ ಬೇಕು. ತಡಮಾಡಿದರೆ ಎದುರು ಸಂಸ್ಥೆಯವರು ತಮ್ಮದನ್ನು ಮೊದಲು ಬಳಕೆಗೆ ಬಿಟ್ಟುಬಿಡುತ್ತಾರೆ. ಹಳೆಯದನ್ನು ನಿಲ್ಲಿಸಿ ಹೊಸದನ್ನು ಬಿಡಲು ನಾಳೆ ನಾನು ಒಪ್ಪಿಗೆ ಕೊಡಬೇಕು. ಕೊಡಲೇ?” ಎಂದು ಶಿಷ್ಯೆ ಕೇಳಿದಳು.

ಗುರುಗಳು ಹೇಳಿದರು:

ಒಂದು ಕೆರೆಗೆ ಎರಡು ತೂಬು. ಒಂದರ ನೀರು ಮೂಡಲ ಊರಿನ ಗದ್ದೆಗೆ, ಇನ್ನೊಂದರದು ಪಡುವಲ ಊರಿನ ಗದ್ದೆಗೆ. ಎರಡಕ್ಕೂ ಸೇರಿ ಒಬ್ಬ ನೀರುಗಂಟಿ, ಒಂದು ಹಳೆಯ ಯಂತ್ರ. ತೂಬನ್ನು ಎಷ್ಟು ಎತ್ತಬೇಕೆಂದು ಯಂತ್ರ ಹೇಳುವುದು, ನೀರುಗಂಟಿ ಎತ್ತುವುದು. ಆದರೆ ಪ್ರತಿಸಲವೂ ಅದು, “ಆ ಕಡೆ ಗದ್ದೆಯಲ್ಲಿ ನೀರು ಎಷ್ಟಿದೆ, ನೋಡಿಕೊಂಡು ಬಾ” ಎನ್ನುತ್ತಿತ್ತು. ಅವನು ಏರಿಯ ಉದ್ದಕ್ಕೂ ನಡೆದು ನೋಡಿ ಬರುವಷ್ಟರಲ್ಲಿ ಅರ್ಧ ದಿನ ಕಳೆಯುತ್ತಿತ್ತು.

ಮೂಡಲ ಊರಿನ ಗೌಡನ ತಾಳ್ಮೆ ಕೆಟ್ಟಿತು. ತನ್ನ ತೂಬಿಗೇ ಬೇರೆ ಹೊಸ ಯಂತ್ರ ತರಿಸಲು ಹೊರಟ. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನ ಮಾಡುವುದು, ತೂಬನ್ನೂ ತಾನೇ ಎತ್ತಿ ಇಳಿಸುವುದು. ತನ್ನ ಊರಿನ ಗದ್ದೆ ಬಿಟ್ಟು ಇನ್ನೇನನ್ನೂ ವಿಚಾರಿಸದು.

“ಒಂದು ಮಳೆಗಾಲ ಹಳೆಯದರ ಪಕ್ಕದಲ್ಲೇ ಇಟ್ಟು ನೋಡೋಣ ಗೌಡ್ರೇ,” ಎಂದ ನೀರುಗಂಟಿ.

“ನೀನೂ ನಿನ್ನ ಯಂತ್ರವೂ ಒಂದೇ ತಾಯಿ ಮಕ್ಕಳು ಕಣೋ. ಇಬ್ಬರಿಗೂ ಕಾಲೇ ಏಳೋದಿಲ್ಲ. ನಾವು ಕಾಯ್ತಾ ಕೂತರೆ ಪಡುವಲದವರು ಕಾಯ್ತಾರಾ?”

ಪಡುವಲ ಊರಿನ ಗೌಡನೂ ಅಷ್ಟರಲ್ಲೇ ಅಂಥದೊಂದು ಯಂತ್ರಕ್ಕೆ ಹೇಳಿಕಳಿಸಿದ್ದ. ನೀರುಗಂಟಿ ಅಲ್ಲಿಗೂ ಹೋಗಿ ಕೈಮುಗಿದ.

“ಮೂಡಲದವರು ಕಾಯ್ತಾರೇನಯ್ಯಾ?” ಎಂದ ಆ ಗೌಡ.

ಎರಡೂ ಮಾತು ಕೇಳಿದವನು ನೀರುಗಂಟಿ ಒಬ್ಬನೇ. ಅಲ್ಲಿಯದನ್ನು ಇಲ್ಲಿ, ಇಲ್ಲಿಯದನ್ನು ಅಲ್ಲಿ ಹೇಳಬೇಕೆಂದು ನಾಲಿಗೆಯ ತುದಿತನಕ ಬಂತು. ದೊಡ್ಡವರ ವಿಚಾರ, ನನಗೇಕೆ ಎಂದು ನುಂಗಿಕೊಂಡ.

ಎರಡು ತೂಬಿಗೂ ಒಂದೊಂದು ಹೊಸ ಯಂತ್ರ ಬಂತು, ಹಳೆಯದು ಮೂಲೆ ಸೇರಿತು. ಆ ವರ್ಷ ಮಳೆ ಬಿಡದೆ ಹೊಡೆಯಿತು. ಕೋಡಿ ಹರಿದರೂ ಸಾಲಲಿಲ್ಲ. ತನ್ನ ಊರಿನ ಗದ್ದೆ ಮುಳುಗಬಾರದೆಂದು ಒಂದು ಯಂತ್ರ ತೂಬು ಮುಚ್ಚಿತು. ಅದೇ ಗಳಿಗೆಗೆ ಇನ್ನೊಂದೂ ಮುಚ್ಚಿತು. ಹೇಳಿದ ಕೆಲಸವನ್ನು ಎರಡೂ ಸರಿಯಾಗಿಯೇ ಮಾಡಿದ್ದವು. ಸಂಜೆಯ ಹೊತ್ತಿಗೆ ಏರಿ ಒಡೆಯಿತು. ಎರಡೂ ಊರಿನ ಬೆಳೆ ಒಂದೇ ಪ್ರವಾಹದಲ್ಲಿ ಕೊಚ್ಚಿಕೊಂಡು ಹೋಯಿತು. ನೀರುಗಂಟಿ ದಿಬ್ಬದ ಮೇಲೆ ನಿಂತು ನೋಡಿದ. ಅಂದು ನುಂಗಿಕೊಂಡಿದ್ದ ಮಾತನ್ನು ಆಗ ಅವನು ಬಾಯಿಬಿಟ್ಟು ಹೇಳಿದ. ಕೇಳುವವರು ಯಾರೂ ಇರಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

“ಸರಿ ಗುರುಗಳೇ. ಆದರೆ ಎದುರು ಸಂಸ್ಥೆಯವರ ಮನಸ್ಸಿನಲ್ಲಿ ಏನಿದೆಯೆಂದು ನನಗೆ ಹೇಗೆ ಗೊತ್ತಾಗಬೇಕು?” ಎಂದಳು ಶಿಷ್ಯೆ.

ಗುರುಗಳು ಬಾಗಿಲ ಕಡೆ ನೋಡಿ ಹೇಳಿದರು:

“ಇದೇ ಪ್ರಶ್ನೆ ಹೊತ್ತುಕೊಂಡು ಅವರ ಕಡೆಯವಳೊಬ್ಬಳು ಬೆಳಿಗ್ಗೆಯೇ ಬಂದಿದ್ದಾಳೆ; ಅಗೋ, ಜಗಲಿಯ ಮೇಲೆ ಕೂತಿದ್ದಾಳೆ.”