ಪುಟ್ಟ ಪೆಟ್ಟಿಗೆಯ ದಮ್ಮು

ಗಾಳಿಯನ್ನು ಕೂಡಿಹಾಕಿ ದಾರಿ ಬಿಡದೆ ಮುಚ್ಚಿದ್ದೇ ತಪ್ಪು. ಖಾಜಾಸಾಬ ಮನೆಯಲ್ಲೇ ಮಾಡಿದ ಪುಟ್ಟ ಸ್ಪೀಕರ್ ಪೆಟ್ಟಿಗೆಯಲ್ಲಿ ಡೋಲಿನ ಸದ್ದು ಡಬ್ಬಿ ಬಡಿದಂತೆ ಕೇಳುತ್ತಿತ್ತು. "ಇದು ಗುಜರಿಗೇ ಸರಿ," ಎಂದ ಅವನು.

ಸ್ಪೀಕರ್, ಪೆಟ್ಟಿಗೆಯೊಳಗಿನ ಗಾಳಿಯ ಮೇಲೆ ಹರಿಹಾಯ್ದಿತು: "ನಿನಗೆ ದಮ್ಮೇ ಇಲ್ಲವಲ್ಲೋ!"

"ದಮ್ಮು ಅಂದರೆ ಉಸಿರು, ಸ್ವಾಮಿ. ಉಸಿರೇ ನಾನು. ನೀವು ಮುಂದೆ ಕೂಗುವಾಗೆಲ್ಲ ಹಿಂದೆ ನನ್ನನ್ನು ಗುದ್ದುತ್ತೀರಿ. ನನಗೆ ಬಾಯಿ ಎಲ್ಲಿದೆ?"

"ನಿನಗೂ ಬಾಯಿ ಬಂದರೆ ನನ್ನ ಮರ್ಯಾದೆ?"

"ಗುಜರಿಯವನು ತೂಗಿ ಹೇಳುತ್ತಾನೆ."

ಗಾಳಿ ಸಿಟ್ಟಿನಿಂದ ಮೂಲೆಯ ಬಿರುಕಿನಲ್ಲಿ ಊದಿತು. ಅದು ಖಾಜಾಸಾಬನ ಬೆರಳಿಗೆ ತಾಗಿತು. "ಅಯ್ಯೋ, ಇದಕ್ಕೆ ಉಸಿರಾಡಲು ದಾರಿಯನ್ನೇ ಇಟ್ಟಿಲ್ಲವಲ್ಲ!" ಅವನು ಬಿರುಕಿಗೆ ಅಂಟು ಮೆತ್ತಿ, ಮುಂದೆ ತೂತು ಕೊರೆದು, ಗಾಳಿ ಹೊರಬರಲು ಅಳತೆಗೆ ತಕ್ಕ ಪೈಪು ಕೂರಿಸಿದ. ಡೋಲು ಗುಮ್ಮೆಂದಿತು.

"ಕೇಳಿದೆಯಾ ನನ್ನ ದನಿ?" ಎಂದಿತು ಸ್ಪೀಕರ್.

ಸಭೆಯಲ್ಲಿ ಮೈಕು ಹಿಡಿದು ಕೂತವರೇ, ಇಂದೇ ಅದನ್ನು ಹಿಂದಿನ ಸಾಲಿಗೆ ಕೊಡಿ.