ನಂಜವ್ವನ ಗೊಬ್ಬರದ ಉಂಡೆ

ಒಂದು ರಾಜ್ಯವಿತ್ತು, ಮಕ್ಕಳೇ. ಅಲ್ಲಿ ಅರಸನ ಬೊಕ್ಕಸಕ್ಕಿಂತ ಕುಡಿಯುವ ನೀರಿನ ಕೆರೆಗೆ ಕಾವಲು ಹೆಚ್ಚು. ಕೆರೆ ಕೆಡಿಸಿದವರ ಗದ್ದೆ ಅರಮನೆಗೆ ಸೇರಬೇಕೆಂದು ಕಟ್ಟಳೆ ಇತ್ತು.

ಕೆರೆಯ ಮೇಲಿನ ಇಳಿಜಾರಿನಲ್ಲಿ ಇಬ್ಬರು ವಾರಗಿತ್ತಿಯರ ಗದ್ದೆಗಳಿದ್ದವು. ಹಿರಿಯಳು ಮಲ್ಲಾಜಮ್ಮ, ಕಿರಿಯಳು ನಂಜವ್ವ. ಗಂಡಂದಿರಿಬ್ಬರೂ ಅರಸನ ದಂಡಿನ ಜೊತೆ ದೂರ ಹೋಗಿದ್ದರು. ಉಳುಮೆ, ನಾಟಿ, ಕೊಯ್ಲು ಎಲ್ಲವೂ ಇವರದೇ. ಎರಡು ಗದ್ದೆಗೂ ನಡುವೆ ಇದ್ದದ್ದು ಒಂದೇ ಬದು. ಮಲ್ಲಾಜಮ್ಮನ ಕಣ್ಣು ಮಾತ್ರ ಸದಾ ಆ ಬದುವಿನ ಆಚೆಗೇ.

ನಂಜವ್ವನಿಗೆ ಒಂದು ಚಿಂತೆ ಇತ್ತು. ಗದ್ದೆಗೆ ಗೊಬ್ಬರ ಹಾಕುವುದು, ಮಳೆ ಬರುವುದು, ಸಾರವೆಲ್ಲ ನೀರಿನ ಜೊತೆ ಹರಿದುಹೋಗುವುದು. ಪೈರಿಗೆ ಸಿಗುವುದು ಎಂಜಲಷ್ಟೇ. ಅವಳು ಕುರಿಗೊಬ್ಬರವನ್ನು ಗಂಜಲದಲ್ಲಿ ಕಲಸಿ ಜೇಡಿಮಣ್ಣಿನ ಉಂಡೆಯೊಳಗಿಟ್ಟಳು. ಬಿಸಿಲಿಗೆ ಉಂಡೆ ಬಿರುಕುಬಿಟ್ಟಿತು. ಮಣ್ಣು ಬಿಟ್ಟು ಬೇವಿನ ಹಿಂಡಿ ಬೆರೆಸಿದಳು. ಉಂಡೆ ನೀರಿನಲ್ಲಿ ಪುಡಿಯಾಯಿತು. ಕೊನೆಗೆ ಒಳಗೆ ಬೇವಿನ ಹಿಂಡಿ ಬೆರೆಸಿದ ಗೊಬ್ಬರವಿಟ್ಟು, ಹೊರಗೆ ಜೇಡಿಮಣ್ಣು ಮೆತ್ತಿ ನೆರಳಿನಲ್ಲಿ ಒಣಗಿಸಿದಳು. ಉಂಡೆ ನಿಂತಿತು.

ಅವಳು ಅಂಗಳದಲ್ಲಿ ಕೂತು ಉಂಡೆ ಕಟ್ಟುವುದನ್ನು ಮಲ್ಲಾಜಮ್ಮ ನೋಡಿದಳು.

"ಏನೇ ನಂಜಿ, ಗದ್ದೆಗೆ ಸೀಮಂತವೇನೇ?"

"ಹೂಂ ಅಕ್ಕ. ಬಸುರಿ ಹಸಿದಾಗಲೆಲ್ಲ ಚೂರು ಚೂರು ತಿನ್ನಲಿ ಅಂತ."

ನಾಲ್ಕು ಪೈರಿನ ನಡುವೆ ಒಂದರಂತೆ ನಂಜವ್ವ ಉಂಡೆಗಳನ್ನು ಕೆಸರಿನಲ್ಲಿ ಹೂತಳು. ಮಳೆ ಬಂತು, ಹೋಯಿತು. ಉಂಡೆ ಮೆಲ್ಲಗೆ ಕರಗಿತು, ಬೇರು ಮೆಲ್ಲಗೆ ಉಂಡಿತು. ಪೈರು ಎದ್ದು ನಿಂತಿತು. ದಾರಿಹೋಕರು ನಿಂತು ನೋಡಿದರು, ನಂಜವ್ವನ ಕೈಗುಣ ಹೊಗಳಿದರು.

ಮಲ್ಲಾಜಮ್ಮ ಬದುವಿನ ಮೇಲೆ ನಿಂತು ಎರಡೂ ಗದ್ದೆಗಳನ್ನು ಹೋಲಿಸಿ ನೋಡಿದಳು. ಅವಳ ಪೈರೇನೂ ಕೆಟ್ಟದಾಗಿರಲಿಲ್ಲ. ಆದರೆ ಬದುವಿನ ಆಚೆ ಇನ್ನೂ ಚೆನ್ನಾಗಿತ್ತಲ್ಲ, ಅದೇ ನೋವು. ಬುಟ್ಟಿಗಟ್ಟಲೆ ಹಸಿಗೊಬ್ಬರ ತಂದು ಸುರಿದಳು. ಮಳೆ ತೊಳೆದುಕೊಂಡು ಹೋಯಿತು. ಗಾಡಿಗಟ್ಟಲೆ ತಂದು ಸುರಿದಳು. ಪೈರು ಕಡುಹಸಿರಾಗಿ ಉಬ್ಬಿತು, ಹುಳು ಮುತ್ತಿತು. ಮೂರನೆಯ ಸಲ ಅವಳ ಹೊಟ್ಟೆಯ ಉರಿ ಕೈಗೇ ಇಳಿಯಿತು. ನಂಜವ್ವ ಸಂತೆಗೆ ಹೋದದ್ದು ನೋಡಿ, ಅವಳ ಹಿತ್ತಲಲ್ಲಿ ಒಣಗುತ್ತಿದ್ದ ಉಂಡೆಗಳನ್ನು ಸೆರಗಿನಲ್ಲಿ ತುಂಬಿಕೊಂಡು ಬಂದಳು. ಮೆಲ್ಲಗೆ ಕರಗುವವರೆಗೆ ಕಾಯಲು ಅವಳಿಗೆಲ್ಲಿ ಪುರಸೊತ್ತು? ನಂಜವ್ವನ ಗದ್ದೆಯನ್ನು ಕೂಡಲೇ ಮೀರಿಸಬೇಕು. ಒನಕೆಯಿಂದ ಕುಟ್ಟಿ ಪುಡಿಮಾಡಿ ಗದ್ದೆಗೆಲ್ಲ ಎರಚಿದಳು.

ಅದೇ ಸಂಜೆ ಜಡಿಮಳೆ ಹಿಡಿಯಿತು. ಪುಡಿ, ಗೊಬ್ಬರ, ಎಲ್ಲ ಸೇರಿ ಕೆರೆಗೆ ಇಳಿಯಿತು. ಕೆಲವು ದಿನಗಳಲ್ಲಿ ಕೆರೆಯ ತುಂಬ ಹಸಿರು ಪಾಚಿ. ಮೀನು ಸತ್ತು ತೇಲಿದವು. ಕೊಡ ಹಿಡಿದು ಬಂದ ಹೆಂಗಸರು ಮೂಗು ಮುಚ್ಚಿಕೊಂಡು ವಾಪಸಾದರು.

ಮಲ್ಲಾಜಮ್ಮನೇ ಎಲ್ಲರಿಗಿಂತ ಮೊದಲು ಅರಮನೆಗೆ ಓಡಿದಳು. ಕುಟ್ಟುವಾಗ ಉಳಿದಿದ್ದ ಅರ್ಧ ಉಂಡೆಯನ್ನು ಅರಸನ ಮುಂದಿಟ್ಟಳು. ಕೆರೆಯ ಕಾಲುವೆಯಲ್ಲಿ ಸಿಕ್ಕಿತೆಂದಳು, ಊರಲ್ಲಿ ಇಂಥ ಉಂಡೆ ಕಟ್ಟುವವಳು ಒಬ್ಬಳೇ ಎಂದಳು. ಅದಂತೂ ನಿಜವೇ ಆಗಿತ್ತು. ಅರಸ ನಂಜವ್ವನನ್ನು ಕರೆಸಿ, ಹೇಳುವುದೇನಾದರೂ ಇದ್ದರೆ ಹೇಳು, ಇಲ್ಲವಾದರೆ ಗದ್ದೆ ಬಿಡು ಎಂದ.

ನಂಜವ್ವನಿಗೆ ಇದ್ದದ್ದು ಆ ಗದ್ದೆ ಒಂದೇ. ಉಂಡೆ ಕಳುವಾಯಿತು ಎಂದರೆ ಸಾಕ್ಷಿ ಇಲ್ಲ. ಅವಳು ಒಮ್ಮೆ ಅಕ್ಕನ ಮುಖ ನೋಡಿದಳು. ಅಕ್ಕನ ಸ್ವಭಾವ ಅವಳಿಗೆ ಗೊತ್ತಿರಲಿಲ್ಲವೇ?

"ನಿಜ, ಬುದ್ಧಿ," ಎಂದಳು ಅರಸನಿಗೆ ಕೈಮುಗಿದು. "ಇಡೀ ಕೆರೆಯನ್ನು ಹಸಿರು ಮಾಡುವ ಸತ್ವ ಇನ್ಯಾರ ಗೊಬ್ಬರದಲ್ಲಿದೆ? ಅದೆಲ್ಲ ನನ್ನದೇ. ಅಕ್ಕನ ಗದ್ದೆಯಿಂದ ಏನು ಬಂದೀತು, ಪಾಪ. ನಾಲ್ಕು ಬುಟ್ಟಿ ಒಣಸಗಣಿ ಹಾಕಿದ್ದಾಳೋ ಇಲ್ಲವೋ. ಅವಳ ಗೊಬ್ಬರಕ್ಕೆ ಒಂದು ಹುಲ್ಲುಕಡ್ಡಿಯೂ ಹಸಿರಾಗುವುದಿಲ್ಲ."

ಸಭೆಯವರು ನಂಜವ್ವನ ಗೊಬ್ಬರದ ಸತ್ವಕ್ಕೆ ತಲೆದೂಗಿದರು. ಅಷ್ಟು ಸಾಕಾಯಿತು.

"ಒಣಸಗಣಿಯಂತೆ!" ಮಲ್ಲಾಜಮ್ಮ ಮುಂದೆ ನುಗ್ಗಿದಳು. "ಇವಳು ಹಾಕಿದ್ದು ಒಂದೊಂದು ಉಂಡೆ, ಅದೂ ಇನ್ನೂ ಕೆಸರಲ್ಲೇ ಕೂತಿದೆ. ಗಾಡಿಗಟ್ಟಲೆ ಸುರಿದವಳು ನಾನು. ಇವಳ ಉಂಡೆಗೆ ಸತ್ವ ಬಂದದ್ದೂ ನನ್ನ ಒನಕೆಯಿಂದ. ಕುಟ್ಟಿ ಎರಚಿದ್ದಕ್ಕಲ್ಲವೇ ಕೆರೆಯವರೆಗೆ ಹೋದದ್ದು!"

ಮಲ್ಲಾಜಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆದರೆ ಮಾತು ಹೊರಗೆ ಬಿದ್ದಾಗಿತ್ತು.

ಅರಸ ಆಳುಗಳನ್ನು ಕಳಿಸಿ ನಂಜವ್ವನ ಗದ್ದೆಯ ಕೆಸರು ಬಗೆಸಿದ. ಉಂಡೆಗಳು ಅರೆಬರೆ ಕರಗಿ ಬೇರಿನ ಮಗ್ಗುಲಲ್ಲೇ ಇದ್ದವು. ಮಲ್ಲಾಜಮ್ಮನ ಗದ್ದೆ ಅರಮನೆಗೆ ಸೇರಿತು. ಕೆರೆ ತಿಳಿಯಾಗುವವರೆಗೆ ಅವಳೇ ಪಾಚಿ ಎತ್ತಬೇಕೆಂದು ಅಪ್ಪಣೆಯಾಯಿತು. ನಂಜವ್ವ ಊರಿನವರಿಗೆಲ್ಲ ಉಂಡೆ ಕಟ್ಟುವುದನ್ನು ಕಲಿಸಿದಳು.

ಮಲ್ಲಾಜಮ್ಮ ಮೊಣಕಾಲುದ್ದ ನೀರಿನಲ್ಲಿ ನಿಂತು ಪಾಚಿ ಎತ್ತುತ್ತಿದ್ದಾಗ ದಾರಿಹೋಕನೊಬ್ಬ, ಮೇಲಿನ ಆ ಚೆಂದದ ಗದ್ದೆ ಯಾರದಮ್ಮ ಎಂದು ಕೇಳಿದನಂತೆ. ಅವಳು ಕೈಯಲ್ಲಿದ್ದ ಪಾಚಿಯನ್ನು ದಡಕ್ಕೆ ಎಸೆದು, "ನನ್ನ ವಾರಗಿತ್ತಿಯದು," ಎಂದಳಂತೆ.

ತಿಳಿಯಿತೇ ಮಕ್ಕಳೇ? ಇನ್ನೊಬ್ಬರ ಪೈರು ನೋಡಿ ಹೊಟ್ಟೆ ಉರಿಸಿಕೊಂಡವರು ತಮ್ಮ ಪೈರನ್ನೂ ಕಳೆದುಕೊಳ್ಳುತ್ತಾರೆ, ಊರ ನೀರನ್ನೂ ಕೆಡಿಸುತ್ತಾರೆ. ನೆಲಕ್ಕೆ ಬೇಕಾದಷ್ಟನ್ನು, ಬೇಕಾದಾಗ, ಮೆಲ್ಲಗೆ ಕೊಡಬೇಕು.