ಹಳದಿ ಟೇಪಿಗೆ ಆಸೆಪಟ್ಟ ಏಡಿ

ಕಾಡು ಎಂದರೆ ಮರ ಇರಬೇಕು, ಮರದ ಮೇಲೆ ಮಂಗ ಇರಬೇಕು ಎಂದು ನೀವು ಅಂದುಕೊಂಡಿರಬಹುದು. ಈ ಕಥೆಯ ಕಾಡಿನಲ್ಲಿ ಎರಡೂ ಇರಲಿಲ್ಲ. ಅದು ಸಮುದ್ರದ ತಳದ ಹವಳದ ಕಾಡು. ಒಂದು ಪುಟ್ಟ ದ್ವೀಪದ ಸುತ್ತ ಹಬ್ಬಿಕೊಂಡಿತ್ತು. ಹವಳವೆಂದರೆ ಬರೀ ಕಲ್ಲಲ್ಲ, ಮಕ್ಕಳೇ. ಸಾಸಿವೆಯಷ್ಟು ಸಣ್ಣ ಜೀವಿಗಳು ಒಂದಕ್ಕೊಂದು ಅಂಟಿಕೊಂಡು ಕಟ್ಟಿದ ಊರು ಅದು. ಆ ಊರಿಗೆ ಜೀವವಿದೆ, ಹಸಿವಿದೆ, ಕಾಯಿಲೆಯೂ ಬರುತ್ತದೆ.

ರಜೆ ಬಂತೆಂದರೆ ದ್ವೀಪಕ್ಕೆ ದೋಣಿಗಳು ಬರುತ್ತಿದ್ದವು. ಜನ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿಗೆ ಇಳಿಯುತ್ತಿದ್ದರು. ಬಣ್ಣದ ಮೀನುಗಳನ್ನು ನೋಡಿ ಖುಷಿಪಟ್ಟು ಹೋಗುತ್ತಿದ್ದರು. ನೀರಿನ ಮೇಲೆ ಒಂದು ಕೆಂಪು ಡ್ರಮ್ಮು ತೇಲುತ್ತಿತ್ತು. ಅದರ ನೀಲಿ ಹಗ್ಗ ತಳದ ಬಂಡೆಯ ಕಬ್ಬಿಣದ ಬಳೆಗೆ ಬಿಗಿದಿತ್ತು. ಬಂದ ದೋಣಿಗಳೆಲ್ಲ ಆ ಡ್ರಮ್ಮಿಗೇ ಕಟ್ಟಿಕೊಂಡು ನಿಲ್ಲುತ್ತಿದ್ದವು.

ತಳದಲ್ಲಿ ಒಂದು ಮರಳಿನ ಓಣಿ ಇತ್ತು. ಓಣಿಯ ಈಚೆಗೆ ಕವಲು ಕವಲಾಗಿ ಬೆಳೆದ ಒಂದು ದೊಡ್ಡ ಹವಳ. ಅದರ ಕವಲುಗಳ ನಡುವೆ ಇಕ್ಕಳಯ್ಯ ಎಂಬ ಏಡಿಯೂ ಅವನ ಹೆಂಡತಿ ಚುಕ್ಕವ್ವನೂ ವಾಸವಾಗಿದ್ದರು. ಇಕ್ಕಳಯ್ಯ ಇದ್ದದ್ದು ಹೆಬ್ಬೆರಳಿನಷ್ಟು. ಕೋಪ ಮಾತ್ರ ಆ ಗಾತ್ರದ್ದಲ್ಲ. ಗಂಡಹೆಂಡತಿ ಇಬ್ಬರದೂ ಕಾವಲಿನ ಕೆಲಸ. ಹವಳವನ್ನು ತಿನ್ನಲು ಮುಳ್ಳುನಕ್ಷತ್ರ ಎಂಬ ಮುಳ್ಳುಮೈಯ ನಕ್ಷತ್ರಮೀನು ತೆವಳಿಕೊಂಡು ಬಂದರೆ ಅದರ ಕಾಲು ಕಚ್ಚಿ ಆಚೆಗೆ ಅಟ್ಟಬೇಕು. ಹವಳ ಅವರಿಗೆ ಮನೆಯನ್ನೂ ಊಟವನ್ನೂ ಕೊಡುತ್ತಿತ್ತು. ಈ ಕಡೆಗೆ ಆಳದಿಂದ ತಣ್ಣನೆಯ ನೀರು ಹರಿದು ಬರುತ್ತಿದ್ದುದರಿಂದ ಹವಳ ಕಂದುಬಣ್ಣದಲ್ಲಿ ಗಟ್ಟಿಮುಟ್ಟಾಗಿತ್ತು.

ಓಣಿಯ ಆಚೆಗೆ, ಡ್ರಮ್ಮಿನ ಬಂಡೆಯ ಪಕ್ಕದಲ್ಲಿ, ಒಂದು ಗುಂಡು ಹವಳ. ಅಲ್ಲಿ ಪಚ್ಚವ್ವ ಎಂಬ ಗಿಳಿಮೀನು ಇದ್ದಳು. ಬೆಳಗಿನಿಂದ ಸಂಜೆಯವರೆಗೆ ಬಂಡೆಯ ಮೇಲಿನ ಪಾಚಿಯನ್ನು ಕರಕರ ಕೆರೆದು ತಿನ್ನುವುದು ಅವಳ ಕೆಲಸ.

ಏಡಿಯ ಕಣ್ಣುಗಳು ಕಡ್ಡಿಯ ತುದಿಯಲ್ಲಿರುತ್ತವೆ. ಎತ್ತ ಬೇಕಾದರೂ ತಿರುಗುತ್ತವೆ. ಇಕ್ಕಳಯ್ಯನ ಕಣ್ಣುಗಳು ಮಾತ್ರ ಓಣಿಯ ಆಚೆಗೇ ನೆಟ್ಟಿರುತ್ತಿದ್ದವು. ಅಲ್ಲಿ ದೋಣಿ ಬಂತು, ಅಲ್ಲಿ ಜನ ಇಳಿದರು, ಅಲ್ಲಿ ಫೋಟೊ ತೆಗೆದರು. ದಿನವಿಡೀ ಇದೇ ಲೆಕ್ಕ ಹಾಕಿ ಮೈ ಪರಚಿಕೊಳ್ಳುತ್ತಿದ್ದ.

ಆ ವರ್ಷ ಬೇಸಿಗೆ ಕೆಟ್ಟದಾಗಿತ್ತು. ಓಣಿಯ ಆಚೆಯ ನೀರು ಅಲುಗದೆ ನಿಂತು ಬಿಸಿಯಾಯಿತು. ಪಚ್ಚವ್ವನ ಗುಂಡು ಹವಳ ಬಣ್ಣ ಕಳೆದುಕೊಂಡು ಬೆಳ್ಳಗಾಯಿತು. ಬಿಸಿಲು ಬಿದ್ದಾಗ ಹೊಳೆಯುತ್ತಿತ್ತು.

ಇಕ್ಕಳಯ್ಯ ಹೆಂಡತಿಯನ್ನು ಕರೆದ. "ನೋಡು, ನೋಡು! ಪಚ್ಚವ್ವ ಮನೆಗೆ ಸುಣ್ಣ ಬಳಿಸಿದ್ದಾಳೆ. ಎಂಥಾ ಹೊಳಪು!"

"ಸಮುದ್ರದಲ್ಲಿ ಸುಣ್ಣ ಎಲ್ಲಿಂದ ಬರ್ತದೆ? ಒಳಗೆ ಬನ್ನಿ, ಕೆಲಸ ಉಂಟು" ಎಂದಳು ಚುಕ್ಕವ್ವ.

ಕೆಲವು ದಿನ ಕಳೆದ ಮೇಲೆ ಬೇರೆ ಥರದ ಒಂದು ದೋಣಿ ಬಂತು. ಅದರಲ್ಲಿ ಹಾಡಿರಲಿಲ್ಲ, ಕೇಕೆ ಇರಲಿಲ್ಲ. ಒಬ್ಬ ಹೆಂಗಸು, ಒಬ್ಬ ಗಂಡಸು ಸದ್ದಿಲ್ಲದೆ ನೀರಿಗಿಳಿದರು. ಪಚ್ಚವ್ವನ ಮನೆಯ ಆ ತುದಿಗೊಂದು, ಈ ತುದಿಗೊಂದು ಮೊಳೆ ಹೊಡೆದರು. ನಡುವೆ ಉದ್ದಕ್ಕೆ ಹಳದಿ ಬಣ್ಣದ ಟೇಪು ಎಳೆದರು. ಆಮೇಲೆ ಹೆಂಗಸು ಏನನ್ನೂ ಮುಟ್ಟದೆ, ಟೇಪಿನ ಮೇಲೆಯೇ ತೇಲುತ್ತಾ, ಗೇಣುಗೇಣಿಗೂ ನಿಂತು ಕೆಳಗೆ ಏನಿದೆ ಎಂದು ನೋಡಿದಳು. ಒಂದು ಬಣ್ಣದ ಕಾರ್ಡನ್ನು ಹವಳದ ಪಕ್ಕಕ್ಕೆ ಹಿಡಿದಳು. ಸೀರೆಗೆ ಒಪ್ಪುವ ರವಿಕೆ ಬಟ್ಟೆ ಹುಡುಕುವವರಂತೆ ಒಂದೊಂದೇ ಬಣ್ಣ ಹೊಂದಿಸಿದಳು. ಗಂಡಸು ಸುತ್ತಲಿನ ಮೀನುಗಳನ್ನು ಎಣಿಸಿದ.

ಇಕ್ಕಳಯ್ಯ ಬಾಗಿಲಲ್ಲಿ ಕಾದು ನಿಂತ. ಈಗ ಬರುತ್ತಾರೆ, ಈಗ ಬರುತ್ತಾರೆ ಎಂದು ಇಕ್ಕಳದಂಥ ಎರಡೂ ಕೊಂಬು ಎತ್ತಿ ಹಿಡಿದ. ಅವರು ಬಂದರು. ಹೆಂಗಸು ಕವಲು ಹವಳದ ಪಕ್ಕ ಕಾರ್ಡು ಹಿಡಿದಳು, ಸರಿ ಎಂಬಂತೆ ಒಮ್ಮೆ ತಲೆಯಾಡಿಸಿದಳು, ಹೊರಟೇ ಹೋದಳು. ನಾಲ್ಕು ಗುಳ್ಳೆ ಬಿಡುವಷ್ಟು ಹೊತ್ತೂ ನಿಲ್ಲಲಿಲ್ಲ. ಟೇಪು ಹಾಸಲಿಲ್ಲ.

ಇಕ್ಕಳಯ್ಯನ ಹೊಟ್ಟೆಗೆ ಬೆಂಕಿ ಬಿತ್ತು. ಸುತ್ತ ಅಷ್ಟು ದೊಡ್ಡ ಸಮುದ್ರವಿದ್ದರೂ ಆ ಬೆಂಕಿ ಆರಲಿಲ್ಲ.

"ಅವಳ ಮನೆಗೆ ಹಳದಿ ಪಟ್ಟೆ! ನಮ್ಮ ಮನೆಗೆ ಎಂತ ಇಲ್ಲ! ನಾವೇನು ಪಾಪ ಮಾಡಿದ್ದೇವೆ?"

"ನಮ್ಮ ಮನೆ ಚೆನ್ನಾಗಿ ಉಂಟಲ್ಲ, ಸಾಕು" ಎಂದಳು ಚುಕ್ಕವ್ವ.

"ನಿನಗೆ ಸಾಕು. ನನಗೆ ಸಾಲುದಿಲ್ಲ."

ಅವನು ತಡೆಯಲಾರದೆ ಓಣಿ ದಾಟಿ ಪಚ್ಚವ್ವನ ಮನೆಗೆ ಹೋದ. ಅವಳು ಗುಂಡು ಹವಳದ ಅಂಚಿನಲ್ಲಿ ಪಾಚಿ ಕೆರೆಯುತ್ತಿದ್ದಳು. ಬಾಯಿಯ ಅಂಚು ಸವೆದಿತ್ತು.

"ಪಚ್ಚಕ್ಕಾ, ದೊಡ್ಡಸ್ತಿಕೆಯವಳಾಗಿಬಿಟ್ಟೆಯಲ್ಲ" ಎಂದ ಇಕ್ಕಳಯ್ಯ, ಮೂಗು ಇಲ್ಲದಿದ್ದರೂ ಮೂಗು ಮುರಿಯುತ್ತಾ.

"ಎಂತ ದೊಡ್ಡಸ್ತಿಕೆ ಇಕ್ಕಳಣ್ಣ? ಮನೆಗೆ ಹುಷಾರಿಲ್ಲ. ಹೀಗೇ ಬಿಳಿಚಿಕೊಂಡರೆ ಬದುಕುದಿಲ್ಲ ಅಂತಾರೆ. ಪಾಚಿ ಹತ್ತಿದರೆ ಮುಗೀತು. ಅದಕ್ಕೇ ಬಿಡುವಿಲ್ಲದೆ ಕೆರೀತಾ ಇದ್ದೇನೆ." ಅವಳು ಅಳುತ್ತಲೇ ಮತ್ತೆ ಕೆರೆದಳು. "ನನಗೆ ಹೆದರಿಕೆ ಆಗ್ತಾ ಉಂಟಣ್ಣ."

ನೋಡಿ, ಇದಕ್ಕಿಂತ ಬಿಡಿಸಿ ಯಾರು ಹೇಳಬೇಕು? ಆದರೆ ಹೊಟ್ಟೆಕಿಚ್ಚಿನವರ ಕಿವಿಯೇ ಬೇರೆ. ಇಕ್ಕಳಯ್ಯ ಮನಸ್ಸಿನಲ್ಲೇ, "ಅಬ್ಬಾ, ಏನು ನಾಟಕ! ನನ್ನ ದೃಷ್ಟಿ ತಾಗಬಾರದೆಂದು ಅಳುವುದು" ಎಂದುಕೊಂಡ. ಸಮಾಧಾನದ ಒಂದು ಮಾತೂ ಹೇಳದೆ ಹಿಂದಿರುಗಿದ.

ದಾರಿಯಲ್ಲಿ ಆಮೆ ದೊಡ್ಡಮ್ಮ ಸಿಕ್ಕಿದಳು. ಅವಳು ಉಸಿರಾಡಲು ಆಗಾಗ ಮೇಲಕ್ಕೆ ಹೋಗುವವಳು. ಹಾಗಾಗಿ ದೋಣಿಯವರ ಮಾತೆಲ್ಲ ಅವಳ ಕಿವಿಗೆ ಬೀಳುತ್ತಿತ್ತು.

"ದೊಡ್ಡಮ್ಮ, ಆ ಹಳದಿ ಪಟ್ಟೆ ಎಂತದ್ದು?" ಎಂದು ಕೇಳಿದ.

"ಅದು ಅಳತೆಯವರದು ಮಗಾ. ಎಷ್ಟು ಹವಳ ಜೀವಂತ ಉಂಟು, ಎಷ್ಟು ಸತ್ತಿದೆ ಅಂತ ಬಣ್ಣ ಹೊಂದಿಸಿ ನೋಡ್ತಾರೆ. ಜನ ತುಂಬ ಬರುವ ಜಾಗ ಅಲ್ವಾ ಇದು? ಹವಳಕ್ಕೆ ಪೆಟ್ಟಾಗಿದೆಯಾ ಅಂತ ಪರೀಕ್ಷೆ. ಜಾಸ್ತಿ ಹುಷಾರಿಲ್ಲದ ಜಾಗಕ್ಕೆ ಮೊಳೆ ಹೊಡೆದು ಗುರುತು ಮಾಡಿ ಹೋಗ್ತಾರೆ. ಮಳೆಗಾಲ ಮುಗಿದ ಮೇಲೆ ಅಲ್ಲಿಗೇ ಬಂದು ಮತ್ತೆ ನೋಡ್ತಾರೆ. ಡಾಕ್ಟರು ಬಂದ ಹಾಗೆ."

"ರೋಗಿಗೆ ಯಾರಾದರೂ ಹಳದಿ ಪಟ್ಟೆ ಹಾಸ್ತಾರಾ? ಅದು ಮದುವೆ ಮನೆಯಲ್ಲಿ ಹಾಸುದು."

ಆಮೆ ದೊಡ್ಡಮ್ಮ ನಕ್ಕಳು. "ಅವರು ದೋಣಿಯವನಿಗೆ ಹೇಳಿದ್ದೂ ಕೇಳಿಸಿತು. ಏನೇ ಆದರೂ ಡ್ರಮ್ಮಿಗೇ ಕಟ್ಟಿ, ಲಂಗರು ಬಿಡಬೇಡಿ ಅಂತ. ಆ ಡ್ರಮ್ಮು ಉಂಟು ಅಂತಲೇ ನಾವೆಲ್ಲ ಇಷ್ಟಾದರೂ ಉಳಿದಿದ್ದೇವೆ."

ಅವಳು ಇಷ್ಟೆಲ್ಲ ಹೇಳಿದಳು. ಇಕ್ಕಳಯ್ಯನ ತಲೆಗೆ ಹೋದದ್ದು ಒಂದೇ ಒಂದು. ಡ್ರಮ್ಮು! ಡ್ರಮ್ಮು ಪಚ್ಚವ್ವನ ಕಡೆಗಿದೆ, ಅದಕ್ಕೇ ದೋಣಿ ಅಲ್ಲಿ ನಿಲ್ಲುತ್ತದೆ, ಅದಕ್ಕೇ ಜನ ಅವಳ ಮನೆಗೇ ಇಳಿಯುತ್ತಾರೆ. ಡ್ರಮ್ಮು ಹೋದರೆ? ದೋಣಿ ಈಚೆಗೆ ಬರಲೇಬೇಕು. ಜನ ನೇರ ತನ್ನ ಬಾಗಿಲಿಗೇ ಇಳಿಯಬೇಕು. ಹಳದಿ ಪಟ್ಟೆಯೂ ತನ್ನ ಮನೆಗೇ!

ಅಂದಿನಿಂದ ಅವನು ಒಂದು ಹೊಸ ಕೆಲಸ ಹಿಡಿದ. ಪಚ್ಚವ್ವ ಹಿಂದಿನ ಬಂಡೆಗೆ ಮೇಯಲು ಹೋದ ಕೂಡಲೇ ಓಣಿ ದಾಟುತ್ತಿದ್ದ. ಕಬ್ಬಿಣದ ಬಳೆಯ ಹತ್ತಿರ ಕುಳಿತು ಹಗ್ಗದ ಎಳೆಗಳನ್ನು ಕಟ್ ಕಟ್ ಎಂದು ಕತ್ತರಿಸುತ್ತಿದ್ದ. ಅವಳು ಬರುವ ಹೊತ್ತಿಗೆ ಏನೂ ಗೊತ್ತಿಲ್ಲದವನಂತೆ ಮನೆ ಸೇರುತ್ತಿದ್ದ. ಇತ್ತ ಮನೆ ಕಾಯುವ ಕೆಲಸ ಚುಕ್ಕವ್ವನ ಮೇಲೆಯೇ ಬಿತ್ತು. ಒಮ್ಮೆ ಅವನಿಲ್ಲದಾಗ ಮುಳ್ಳುನಕ್ಷತ್ರ ಬಂತು. ಅವಳು ಒಬ್ಬಳೇ ಹೋರಾಡಿ ಅದನ್ನು ಅಟ್ಟಿದಳು. ಅವಳದೇ ಒಂದು ಕಾಲು ಹೋಯಿತು.

"ಎಲ್ಲಿ ಹೋಗಿದ್ರಿ?" ಎಂದು ಕೇಳಿದಳು.

"ಗಾಳಿಗೆ" ಎಂದ. ನೀರಿನೊಳಗೆ ಎಂಥ ಗಾಳಿಯೋ!

ಕೊನೆಗೂ ಒಂದು ಮಧ್ಯಾಹ್ನ ಹಗ್ಗ ತುಂಡಾಯಿತು. ಡ್ರಮ್ಮು ಅಲೆಗಳ ಮೇಲೆ ಕುಣಿಯುತ್ತಾ ದೂರ ಸಾಗಿತು. ಇಕ್ಕಳಯ್ಯ ಅಷ್ಟು ಸಂತೋಷಪಟ್ಟದ್ದನ್ನು ಯಾರೂ ನೋಡಿರಲಿಲ್ಲ.

ಮಾರನೆಯ ದಿನ ಭಾನುವಾರ. ಮಳೆಗಾಲಕ್ಕೆ ಮುಂಚಿನ ಕೊನೆಯ ರಜೆ. ದೋಣಿಯ ತುಂಬ ಜನ. ಆಮೆ ದೊಡ್ಡಮ್ಮ ಆಗ ಉಸಿರಾಡಲು ಮೇಲೆ ಬಂದಿದ್ದಳು.

"ಡ್ರಮ್ಮು ಎಲ್ಲಿ ಮಾರಾಯ? ಕಾಣುದಿಲ್ಲ!" ಎಂದ ದೋಣಿ ನಡೆಸುವವನು.

"ಹೋಗಿರಬೇಕು. ಲಂಗರು ಬಿಡು ಅತ್ತ. ಜನ ಗಲಾಟೆ ಮಾಡ್ತಿದ್ದಾರೆ, ಹೊತ್ತಾಯ್ತು" ಎಂದ ಅವನ ಜೊತೆಗಾರ.

ಅದನ್ನು ಕೇಳಿದ ಕೂಡಲೇ ಆಮೆ ದೊಡ್ಡಮ್ಮ ಕೂಗುತ್ತಾ ಕೆಳಕ್ಕೆ ಧಾವಿಸಿದಳು. ಆದರೆ ಆಮೆಗಿಂತ ಕಬ್ಬಿಣ ಬೇಗ ಇಳಿಯುತ್ತದೆ.

ಇಕ್ಕಳಯ್ಯ ತಲೆಯೆತ್ತಿ ನೋಡಿದ. ದೋಣಿಯ ಹೊಟ್ಟೆ ಸರಿಯಾಗಿ ತನ್ನ ಮನೆಯ ಮೇಲೆಯೇ ನಿಂತಿತ್ತು. "ಚುಕ್ಕೀ, ಬಾ ಹೊರಗೆ! ಬಂದರು, ನಮ್ಮ ಮನೆಗೆ ಬಂದರು!" ಎಂದು ಕುಣಿದ. ಚುಕ್ಕವ್ವ ಕುಂಟುತ್ತಾ ಹೊರಗೆ ಬಂದಳು. ಅವಳು ಮರಳಿಗೆ ಇಳಿದದ್ದೇ ತಡ, ಲಂಗರು ಕವಲು ಹವಳದ ನಡುನೆತ್ತಿಗೆ ಬಿತ್ತು.

ಲಟಲಟನೆ ಕವಲುಗಳು ಮುರಿದವು. ಮೇಲೆ ಗಾಳಿ ಬೀಸಿ ದೋಣಿ ವಾಲಿತು. ಲಂಗರು ಎಳೆದಾಡಿತು. ಸರಪಳಿ ಅತ್ತಿಂದಿತ್ತ ಬಡಿದು, ಉಳಿದ ಕವಲುಗಳನ್ನೂ ನೆಲಸಮ ಮಾಡಿತು. ತಲೆತಲಾಂತರದಿಂದ ಬೆಳೆದ ಮನೆ ಒಂದು ಗಳಿಗೆಯಲ್ಲಿ ಚೂರುಚೂರಾಯಿತು. ದೂಳೆದ್ದು ನೀರು ಬಗ್ಗಡವಾಯಿತು. ನೀರಿಗಿಳಿದ ಜನ, "ಇಲ್ಲಿ ಏನೂ ಕಾಣುವುದಿಲ್ಲ" ಎಂದು ಒಬ್ಬರಿಗೊಬ್ಬರು ಕೈಸನ್ನೆ ಮಾಡಿಕೊಂಡು, ಓಣಿ ದಾಟಿ ಪಚ್ಚವ್ವನ ಕಡೆಗೇ ಹೋದರು.

ಬಗ್ಗಡ ತಿಳಿಯಾದ ಮೇಲೆ ಚುಕ್ಕವ್ವ ಗಂಡನನ್ನು ನೋಡಿದಳು. ಅವನ ಬಲಗೊಂಬಿನ ಸಂದಿಯಲ್ಲಿ ಹಗ್ಗದ ನೀಲಿ ಎಳೆಯೊಂದು ಸಿಕ್ಕಿಕೊಂಡಿತ್ತು.

"ಡ್ರಮ್ಮಿನ ಹಗ್ಗ ಕತ್ತರಿಸಿದ್ದು ನೀವಾ?"

ಇಕ್ಕಳಯ್ಯ ಆ ಕೊಂಬನ್ನು ಹೊಟ್ಟೆಯ ಕೆಳಗೆ ಬಚ್ಚಿಟ್ಟ.

"ನಾವು ಕಾವಲಿನವರು. ಮುಳ್ಳುನಕ್ಷತ್ರಕ್ಕೆ ನಾನು ಕಾಲು ಕೊಟ್ಟೆ, ಮನೆ ಕೊಡಲಿಲ್ಲ. ನೀವು ಕೈಯಾರೆ ಮನೆ ಕೊಟ್ಟಿರಿ. ಅದೂ ಎಂತಕ್ಕೆ? ಒಂದು ಪಟ್ಟೆಗೆ!" ಅವಳು ಅಳಲಿಲ್ಲ. ಅಳುವುದಕ್ಕಿಂತ ಹೆಚ್ಚು ಕೋಪ ಅವಳಿಗಿತ್ತು. ನ್ಯಾಯವಾದ ಕೋಪ.

ಮನೆಯಿಲ್ಲದ ಏಡಿಯನ್ನು ತಿನ್ನಲು ಸಮುದ್ರದಲ್ಲಿ ನೂರು ಬಾಯಿಗಳಿವೆ. ಇಬ್ಬರೂ ಬಯಲು ಮರಳಿನಲ್ಲಿ ನಿಂತಿರುವುದನ್ನು ಕಂಡು ಪಚ್ಚವ್ವ ಓಡೋಡಿ ಬಂದಳು. ಅವಳ ಗುಂಡು ಹವಳದ ಬುಡದಲ್ಲಿ, ಬಂಡೆಯ ನೆರಳಿನಲ್ಲಿ, ಮುಷ್ಟಿಯಷ್ಟು ದೊಡ್ಡ ಒಂದು ಕವಲು ಹವಳದ ಮರಿ ಬದುಕಿ ಉಳಿದಿತ್ತು.

"ಇಕ್ಕಟ್ಟಾಗ್ತದೆ ಇಕ್ಕಳಣ್ಣ. ಆದರೂ ಬನ್ನಿ. ನಾನು ಪಕ್ಕದಲ್ಲೇ ಇರ್ತೇನೆ" ಎಂದಳು.

ಯಾರ ಮೇಲೆ ಹೊಟ್ಟೆ ಉರಿದುಕೊಂಡಿದ್ದನೋ ಅವಳ ಅಂಗಳಕ್ಕೇ ಇಕ್ಕಳಯ್ಯ ತಲೆ ತಗ್ಗಿಸಿ ಒಳಹೊಕ್ಕ. ಚುಕ್ಕವ್ವ ಒಳಗೆ ಕುಳಿತರೆ ಅವನ ಅರ್ಧ ಮೈ ಹೊರಗೇ ಉಳಿಯುತ್ತಿತ್ತು. ಹತ್ತಿರದಿಂದ ನೋಡಿದಾಗ ಬಿಳಿಚಿದ ಹವಳ ಸುಣ್ಣ ಬಳಿದಂತೆ ಕಾಣಲಿಲ್ಲ. ಜ್ವರ ಬಂದು ಸೊರಗಿದವರಂತೆ ಕಂಡಿತು.

ಮಳೆಗಾಲ ಬಂತು. ನೀರು ತಣ್ಣಗಾಯಿತು. ಪಚ್ಚವ್ವ ಒಂದು ಗೇಣು ಜಾಗಕ್ಕೂ ಪಾಚಿ ಹತ್ತಲು ಬಿಡಲಿಲ್ಲ. ಗುಂಡು ಹವಳಕ್ಕೆ ಮೆಲ್ಲಮೆಲ್ಲಗೆ ಬಣ್ಣ ಮರಳಿತು. ಓಣಿಯ ಈಚೆಗೆ ಮಾತ್ರ, ಮುರಿದ ಕವಲುಗಳು ಅಲೆಗಳ ಹೊಡೆತಕ್ಕೆ ಉರುಳಾಡಿ ಸವೆದವು.

ಮಳೆ ಮುಗಿದ ಮೇಲೆ ಅಳತೆಯವರು ಮತ್ತೆ ಬಂದರು. ಪಚ್ಚವ್ವನ ಮನೆಯ ಪಕ್ಕ ಬಣ್ಣದ ಕಾರ್ಡು ಹಿಡಿದ ಹೆಂಗಸು ಮುಖವಾಡದೊಳಗೇ ನಕ್ಕಳು. ಆಮೇಲೆ ಓಣಿಯ ಈಚೆಗೆ ಬಂದು ಥಟ್ಟನೆ ನಿಂತಳು. ಗಂಡಸು ಹೊಸ ಮೊಳೆಗಳನ್ನು ತಂದು ಆ ತುದಿಗೊಂದು, ಈ ತುದಿಗೊಂದು ಹೊಡೆದ. ಇಕ್ಕಳಯ್ಯನ ಮನೆಯಿದ್ದ ಜಾಗದ ಉದ್ದಕ್ಕೂ ಹಳದಿ ಟೇಪು ಎಳೆದರು. ಗೇಣುಗೇಣಿಗೂ ನಿಂತು ನೋಡಿದರು.

ಹಿಂದೆ ಎಂದೂ ಅವರು ಅಷ್ಟು ಹೊತ್ತು ಯಾರ ಮನೆಯಲ್ಲೂ ನಿಂತಿರಲಿಲ್ಲ. ಹವಳದ ಕಾಡಿನ ಮೀನುಗಳೆಲ್ಲ ಓಣಿಯ ಎರಡೂ ಬದಿಗೆ ಬಂದು ಸೇರಿದವು. ಎಲ್ಲರೂ ಇಕ್ಕಳಯ್ಯನ ಮನೆಯನ್ನೇ ನೋಡುತ್ತಿದ್ದರು. ಇಕ್ಕಳಯ್ಯ ಒಬ್ಬನೇ ಕಣ್ಣುಗಳೆರಡನ್ನೂ ಚಿಪ್ಪಿನೊಳಗೆ ಮಡಚಿಕೊಂಡು ಕುಳಿತಿದ್ದ.

ನೀತಿ: ಬೇರೆಯವರಿಗೆ ಸಿಕ್ಕಿದ್ದು ಸುಖವೋ ಕಷ್ಟವೋ ಎಂದು ತಿಳಿಯದೆ ಹೊಟ್ಟೆಕಿಚ್ಚು ಪಡುವವನು, ತನ್ನ ಬಳಿ ಚೆನ್ನಾಗಿದ್ದುದನ್ನು ತಾನೇ ಹಾಳುಮಾಡಿಕೊಳ್ಳುತ್ತಾನೆ.